ಮಂಜುಳಮ್ಮನ ಹೆಸರಿನ ಸೀಸೆ

...ಅಯ್ಯೋ, ಆ ರಬ್ಬರ್ ಟ್ಯೂಬು ಅತ್ಲಾಗಿಡಪ್ಪ! ನನ್ನ ಕೈಗ್ಯಾಕೆ ಕಟ್ಟೋಕೆ ಬತ್ತೀಯ? ನಾನು ರಕ್ತ ಕೊಡೋಕೆ ಬಂದಿಲ್ಲ. ನಂಗೇನಾಗೈತೆ? ಗುಂಡುಕಲ್ಲಿದ್ದಂಗಿದೀನಿ. ಚೀಟಿ ನನ್ನ ಸೊಸೇದು. ಅವ್ಳು ಆಚೆ ಹೊಂಗೆ ಮರದ ಕೆಳಗೆ ಕುಂತವ್ಳೆ... ಬ್ಯಾಡ ಬ್ಯಾಡ, ಕರೀಬ್ಯಾಡ. ಕುಂತಿರ್ಲಿ. ಮೊದ್ಲು ನಾವಿಬ್ರೂ ಒಂದು ಮಾತಾಡ್ಕೊಳ್ಳಾನ.

ಈ ಕಾಗದ ನಿಂದೇ ಅಲ್ವಾ? ನೋಡು, ಕೆಳಗೆ ಸೈನು ಮಾಡಿದೀಯ. ಪಟ್ಟಾಭಿರಾಮ ಅಂತ ಸೊಸೆ ಓದಿ ಹೇಳಿದ್ಲು. ಹೋದ ವಾರ ನೀನೇ ಕೊಟ್ಟಿದ್ದು. ಇದ್ರಾಗೆ ರಕ್ತ ಎಂಬತ್ತೈದು ಪರ್ಸೆಂಟು ಐತೆ ಅಂತ ಬರ್ದಿದೀಯಂತೆ. ಅದನ್ನ ಒಸಿ ಇಳಿಸ್ಕೊಡು.

ನಗ್ತೀಯ ಯಾಕೆ? ಇಳಿಸು ಅಂದೆ, ಅಷ್ಟೆ. ಜಾಸ್ತಿ ಮಾಡು ಅಂದ್ರೆ ಕಷ್ಟ, ಇಲ್ಲದ್ದನ್ನ ಎಲ್ಲಿಂದ ತರ್ತೀಯ. ಇಳ್ಸೋಕೇನು? ಒಂದು ನಲವತ್ತು ಹಾಕು. ನಲವತ್ತೈದಾದ್ರೂ ನಡೀತದೆ. ತೀರಾ ಕಮ್ಮಿ ಹಾಕಿ ಡಾಕ್ಟ್ರಮ್ಮನ್ನ ಹೆದರಿಸ್ಬ್ಯಾಡ.

ಅಂಬುಜಮ್ಮ ಡಾಕ್ಟ್ರು ಕಣಪ್ಪ, ಹೆರಿಗೆ ಮನೆ ಇಟ್ಕೊಂಡವ್ರಲ್ಲ, ಅವ್ರೇ ಚೀಟಿ ಬರ್ದು ನಿನ್ನ ಹತ್ರ ಕಳಿಸಿದ್ದು. ನಮ್ಮೂರು ಕಡಬ. ಬೆಳಿಗ್ಗೆ ಗುಬ್ಬಿಗೆ ಬಂದು ಅಲ್ಲಿಂದ ಬಸ್ಸು ಹತ್ಕೊಂಡು ಬಂದ್ವಿ. ಡಾಕ್ಟ್ರಮ್ಮ ಸೊಸೆ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದ್ರು. ಆಮೇಲೆ ಈ ಕಾಗದ ನೋಡಿದ್ರು. ಮತ್ತೆ ರೆಪ್ಪೆ ಎಳೆದ್ರು. ಮತ್ತೆ ಕಾಗದ ನೋಡಿದ್ರು. ‘ಕಾಗದದಾಗೆ ರಕ್ತ ಚೆನ್ನಾಗೈತೆ ಅಂತ ಐತಲ್ಲಮ್ಮ’ ಅಂದ್ರು. ನಾನೇನ್ ಹೇಳ್ಲಿ? ಐತೇನೋ ತಾಯಿ ಅಂದೆ. ‘ಇನ್ನೊಂದ್ಸಲ ಪರೀಕ್ಷೆ ಮಾಡಿಸ್ಕೊಂಡು ಬಾ. ಇದೇ ಬಂದ್ರೆ ಸರಿ, ತವರಿಗೆ ಕಳಿಸು, ಹೆರಿಗೆ ಅಲ್ಲೇ ಆಗ್ಲಿ. ಕಮ್ಮಿ ಬಂದ್ರೆ ಮಾತ್ರ ನಾನು ಬುಡಲ್ಲ, ಇಲ್ಲೇ ಇಟ್ಕೊಂಡು ಇಂಜೆಕ್ಷನ್ ಕೊಡ್ತೀನಿ’ ಅಂದ್ರು. ತವರು ಅಂದ್ರೆ ಕುಣಿಗಲ್ ಕಡೆ ಹಳ್ಳಿ. ಡಾಕ್ಟ್ರು ಬೇಕು ಅಂದ್ರೆ ಗಾಡಿ ಕಟ್ಕೊಂಡು ಅರ್ಧ ದಿನ ಬರ್ಬೇಕು.

ಅದ್ಕೇ ಹೇಳ್ತಿರೋದು, ಇಳಿಸ್ಕೊಡು. ಹುಡುಗಿ ಇಲ್ಲೇ ಉಳ್ಕೊಂತಾಳೆ. ನಿಂಗೇನು ಗಂಟು ಹೋಗ್ತದೆ?

ಆಗಲ್ವಾ? ನೋಡ್ದೆ ಬರ್ಯೋಕಾಗಲ್ವಾ? ಸರಿ ಹಂಗಾದ್ರೆ, ನೋಡೇ ಬರಿ. ಹೋದ್ಸಲ ತೆಗೆದಿದ್ದು ಐತಲ್ಲ, ಅದನ್ನೇ ಇನ್ನೊಂದ್ಸಲ ಆ ಗಾಜಿನ ಕೊಳವೆಗೆ ಹಾಕಿ... ಏನಂದೆ? ಚೆಲ್ಲಿಬುಟ್ಟಾ? ಎಲ್ಲಿಗೆ ಚೆಲ್ದೆ? ...ಮೋರಿಗಾ! ಅಯ್ಯೋ ಶಿವನೆ! ಒಂದು ಸೀಸೆ ತುಂಬ ತೆಗೆದ್ಯಲ್ಲಪ್ಪ! ಒಂದು ಚಮಚ ಮೊಸರು ಮಿಕ್ಕಿದ್ರೆ ನಾಳೆಗೆ ಹೆಪ್ಪಿಗಾಗ್ತದೆ ಅಂತ ಎತ್ತಿಡ್ತೀವಿ ನಾವು. ನೀನು ಮನುಷ್ಯರ ರಕ್ತ ಮೋರಿಗೆ ಹಾಕಿ ಕೈ ತೊಳ್ಕೊಂತೀಯಲ್ಲ.

ಕೆಟ್ಟೋಗ್ತದಾ? ಒಂದಿನಕ್ಕೇ? ಹೂಂ... ಹಂಗಾದ್ರೆ ಸರಿ ಬುಡು.

ನೀನು ಆ ಸ್ಟೌ ಮೇಲಿನ ನೀರು ನೋಡ್ಕೊ, ಕುದೀತೈತೆ. ಸೂಜಿ ಬೇಯ್ಲಿ, ಅವಸರ ಇಲ್ಲ. ನಾನು ಹೇಳೋದನ್ನ ಹೇಳ್ತಿರ್ತೀನಿ.

ಈ ಹುಡುಗಿ ಐತಲ್ಲ, ಮಂಜುಳ, ನನ್ನ ಸೊಸೆ. ಇವ್ಳ ಕಥೆ ಏನಂತ ಹೇಳ್ಲಿ! ಮನೆಗೆ ಬಂದು ಎರಡು ಸುಗ್ಗಿ ಆಗಿಲ್ಲ, ಗೋಡೆ ಅರ್ಧ ತಿಂದವ್ಳೆ. ತಮಾಷೆ ಅಲ್ಲ ಕಣಪ್ಪ. ಬಸುರಿ ಆದ್ಮೇಲೆ ಶುರುವಾಯ್ತು. ಹಿತ್ಲ ಗೋಡೆ ಮಣ್ಣನ್ನ ಉಗುರಾಗೆ ಕೆರೆದು ಕೆರೆದು ಬಾಯಿಗೆ ಹಾಕ್ಕೊಂತಾಳೆ. ಮಾವಿನಕಾಯಿ ತಂದ್ಕೊಟ್ಟೆ, ಹುಣಸೆ ತಂದ್ಕೊಟ್ಟೆ. ಊಹೂಂ, ಮಣ್ಣೇ ಬೇಕು. ಬಯ್ದೆ. ಕದ್ದು ತಿನ್ನೋಕೆ ಶುರು ಮಾಡಿದ್ಲು. ನಾನು ಗೋಡೆಗೆ ಬೇವಿನ ಸೊಪ್ಪು ಅರೆದು ಬಳಿದೆ. ಅದನ್ನೂ ತಿಂದ್ಲು.

ಕೆಲಸ? ಕೇಳ್ಬ್ಯಾಡ. ಒಂದು ಬಿಂದಿಗೆ ನೀರು ತಂದ್ರೆ ಮೂರು ಕಡೆ ಕುಂತ್ಕೊಂತಾಳೆ. ರೊಟ್ಟಿ ತಟ್ಟೋವಾಗ ಏದುಸಿರು ಬಿಡ್ತಾಳೆ. ಮೈ ಸುಣ್ಣ ಬಳಿದಂಗೆ ಬೆಳ್ಳಗಾಗೈತೆ. ಅಕ್ಕಪಕ್ಕದೋರು ‘ಏನು ದೊಡ್ಡಗಂಗಮ್ಮ, ನಿನ್ನ ಸೊಸೆಗೆ ಬಣ್ಣ ಬಂದೈತಲ್ಲ, ಬಸುರಿ ಕಳೆ’ ಅಂತಾರೆ. ಕಳೆ ಅಂತೆ! ಮೊನ್ನೆ ಕೆರೆ ಏರಿ ಮೇಲೆ ನಡ್ಕೊಂಡು ಬರ್ತಾ ಹಂಗೇ ಕುಸಿದು ಬಿದ್ಲು. ಎದ್ದು ಏನಂದ್ಲು ಗೊತ್ತಾ? ‘ಅತ್ತೆ, ಬಿಂದಿಗೆ ನೆಗ್ಗೋಯ್ತಾ?’ ಅಂದ್ಲು. ಇಂಥೋಳನ್ನ ಕಟ್ಕೊಂಡು ಏನ್ ಮಾಡ್ಲಿ ನಾನು.

ಅದ್ರ ಮೇಲೆ ಓದಿದೋಳು ಬ್ಯಾರೆ, ಎಂಟ್ನೇ ಕ್ಲಾಸು. ಓದಿದ್ರೂ ಸೂಜಿ ಅಂದ್ರೆ ಜೀವ ಹೋಗ್ತದೆ ಅವ್ಳಿಗೆ. ಮದುವೆ ಆದ ಹೊಸದ್ರಾಗೆ ಹಚ್ಚೆ ಹಾಕೋಳು ಬಂದಿದ್ಲು. ಕೈಗೊಂದು ಚೇಳು ಬರೆಸ್ಕೊಳ್ಳೆ, ಲಕ್ಷಣವಾಗಿರ್ತದೆ ಅಂದೆ. ಅಟ್ಟ ಹತ್ತಿ ಕುಂತ್ಬುಟ್ಲು. ಹಚ್ಚೆಯೋಳು ಊರು ಬಿಟ್ಮೇಲೇ ಇಳಿದಿದ್ದು. ಆಮೇಲೆ ಈ ಮಲೇರಿಯಾದೋನು ಬತ್ತಾನಲ್ಲ ಮನೆ ಮನೆಗೆ, ಜ್ವರ ಐತಾ ಅಂತ ಕೇಳ್ಕೊಂಡು, ಕೈ ಬೊಟ್ಟು ಚುಚ್ಚಿ ಗಾಜಿನ ಮೇಲೆ ರಕ್ತ ಬಳ್ಕೊಂಡು ಹೋಗೋಕೆ? ಆವತ್ತು ಇವ್ಳಿಗೆ ಜ್ವರ ಸುಡ್ತಾ ಐತೆ. ಅವನ ಸೈಕಲ್ ಗಂಟೆ ಕೇಳಿದ್ದೇ ತಡ, ರಾಗಿ ವಾಡೆ ಹಿಂದೆ ಅವಿತ್ಕೊಂಡ್ಲು. ಅವ್ನು ಬೊಟ್ಟು ಬೇಕು ಅಂತಾನೆ, ಇವ್ಳು ಉಸಿರೇ ಬಿಡಲ್ಲ. ಕೊನೆಗೆ... ಬುಡು, ಹೆಂಗೋ ಆಯ್ತು. ಮನೆಯಿಂದ ಒಂದು ಬೊಟ್ಟು ತಾನೆ ಅವ್ನು ಕೇಳಿದ್ದು? ಸಿಕ್ತು, ಹೋದ. ಆಮೇಲೆ ಬಂದು ಮಲೇರಿಯಾ ಇಲ್ಲ ಅಂದ. ಇವ್ಳಿಗೆ ಮಾತ್ರ ಚಳಿ ಹಿಡ್ಕೊಂಡು ಹಲ್ಲು ಕಟಕಟ ಅಂತಿತ್ತು. ಅದು ಬ್ಯಾರೆ ವಿಷ್ಯ.

ಯಾಕೆ ತಿರುಗಿ ನೋಡ್ದೆ? ಏನಿಲ್ಲ ಬುಡು, ನೀನು ಸೂಜಿ ನೋಡ್ಕೊ.

ಒಂದು ಹೇಳ್ತೀನಿ, ಮರ್ಯಾದೆ ಅಂದ್ರೆ ಮಾತ್ರ ಮರ್ಯಾದೆ. ಅದ್ರಾಗೆ ಅವ್ಳನ್ನ ಬಯ್ಯೋಕಾಗಲ್ಲ. ಮದುವೆ ಆಗಿ ಮನೆ ತುಂಬಿಸ್ಕೊಳ್ಳೋವಾಗ, ಗಂಡನ ಹೆಸರು ಹೇಳಿ ಒಳಗೆ ಬಾ ಅಂತ ಹೆಂಗಸ್ರೆಲ್ಲ ಹೊಸ್ಲಿಗೆ ಅಡ್ಡ ನಿಂತ್ರು. ಬ್ಯಾರೆ ಹುಡುಗೀರು ನಾಚ್ಕೊಂಡಂಗೆ ಮಾಡಿ ಕೊನೆಗೆ ಹೇಳ್ತಾರೆ. ಇವ್ಳು ಬಾಯಿ ಬಿಡ್ಲಿಲ್ಲ. ಹೊತ್ತು ಮುಳುಗ್ತು. ಅಡುಗೆ ತಣ್ಣಗಾಯ್ತು. ಒಳಗೆ ನನ್ನ ಮಗ ಹಸಿದು ಕುಂತವ್ನೆ, ಹೊಸ್ಲಾಚೆ ಇವ್ಳು ಸೇರಕ್ಕಿ ಮುಂದೆ ಇಟ್ಕೊಂಡು ನಿಂತವ್ಳೆ. ಕೊನೆಗೆ ನಾನೇ ಹೋಗಿ ಎಲ್ಲಾರ್ನೂ ಬಯ್ದು ಒಳಗೆ ಕರ್ಕೊಂಡೆ. ಇವತ್ತಿಗೂ ಅವ್ನ ಹೆಸರು ಅವ್ಳ ಬಾಯಾಗೆ ಬಂದಿಲ್ಲ. ‘ಇವ್ರು’ ಅಂತಾಳೆ, ‘ಅವ್ರು’ ಅಂತಾಳೆ, ಅಷ್ಟೇ. ಅದೊಂದು ನಂಗೆ ಹಿಡಿಸ್ತು.

ಹೂಂ, ಕಾಗದದ ಮಾತು. ಎಲ್ಲಿ ತಪ್ಪಾಗೈತೆ ಅಂತ ನಂಗೆ ಗೊತ್ತು ಕಣಪ್ಪ. ನೀನು ನೀರು ಸರ್ಯಾಗಿ ಹಾಕ್ಲಿಲ್ಲ. ಸಣ್ಣ ಗಾಜಿನ ಕೊಳವೆಯಾಗೆ ರಕ್ತ ಹೀರಿ, ಇನ್ನೊಂದ್ಕೆ ಊದ್ದೆ. ಅದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗ್ತು. ಆಮೇಲೆ ತೊಟ್ಟು ತೊಟ್ಟು ನೀರು ಹಾಕ್ಕೊಂಡು, ಪಕ್ಕದ ಬಣ್ಣದ ಗಾಜಿಗೆ ಹಿಡಿದು ಹಿಡಿದು ನೋಡ್ದೆ. ಇನ್ನೊಂದು ನಾಕು ತೊಟ್ಟು ಹಾಕಿದ್ರೆ ಕಮ್ಮಿ ಬರ್ತಿತ್ತು.

ಉಲ್ಟಾನಾ? ನೀರು ಜಾಸ್ತಿ ಹಿಡಿದಷ್ಟೂ ರಕ್ತ ಜಾಸ್ತಿ ಅಂತ ಲೆಕ್ಕವಾ? ಇದೊಳ್ಳೆ ಕಥೆ! ನಮ್ಮ ಹಾಲಿನೋನಿಗೆ ಹೇಳ್ಬ್ಯಾಡ ಇದನ್ನ.

ಸರಿ, ನೀರು ಸರ್ಯಾಗೇ ಹಾಕಿದೀಯ ಅಂತ್ಲೇ ಇಟ್ಕೊ. ತೆಗೆಯೋವಾಗ ಏನೋ ಆಗಿರ್ಬೇಕು. ಮೊಳಕೈ ಮೇಲೆ ರಬ್ಬರ್ ಬಿಗಿದೆ. ಮುಷ್ಟಿ ಕಟ್ಟು ಅಂದೆ. ಬೆರಳಾಗೆ ತಡವಿ ತಡವಿ ನರ ಹುಡುಕ್ದೆ. ಸ್ಪಿರಿಟ್ಟು ಒರೆಸ್ದೆ, ಅದೇನು ತಣ್ಣಗೆ ಅಂತೀಯ, ಪುಷ್ಯ ಮಾಸದ ಕೆರೆ ನೀರು! ಮುಖ ಆ ಕಡೆ ತಿರುಗಿಸ್ಕೊಳಮ್ಮ ಅಂದೆ. ಗೋಡೆ ಕಡೆ ತಿರುಗಿ ಸೆರಗು ಮುಖಕ್ಕೆ ಹಾಕ್ಕೊಂಡಿದ್ದು. ಆ ಗೋಡೆ ಮೇಲೆ ಕ್ಯಾಲೆಂಡರ್ ಐತಲ್ಲ, ಅದ್ರಾಗಿರೋ ಲಕ್ಷ್ಮಿ ಕೈಯಾಗೆ ಕಮಲದ ದಳ ಎಣಿಸ್ಕೊಂಡು ಕುಂತಿದ್ದು. ಇರುವೆ ಕಚ್ಚಿದಂಗೆ ಆಯ್ತು, ಅಷ್ಟೇ. ಆಮೇಲೆ ರಬ್ಬರ್ ಬಿಚ್ಚಿ ಸೂಜಿ ಎಳೆದು ಹತ್ತಿ ಇಟ್ಟು, ಒತ್ತಿ ಹಿಡ್ಕೊ, ಬಸ್ಸಿಗೆ ಓಡ್ಬ್ಯಾಡ, ಭಾರ ಎತ್ಬ್ಯಾಡ ಅಂದೆ. ಬಸ್ಸಿಗೆ ಹೊತ್ತಾಗಿತ್ತು, ಯಾರು ಒತ್ಕೊಂಡು ಕುಂತಿರ್ತಾರೆ...

ಏನು? ನಾನೆಲ್ಲಿದ್ದೆ ಅಂತಲಾ?

ಆಚೆ. ಮರದ ಕೆಳಗೆ. ಗಂಟು ಕಾಯ್ಕೊಂಡು ಕುಂತಿದ್ದೆ. ಇನ್ನೆಲ್ಲಿರ್ತೀನಿ? ಅವ್ಳು ಬಂದು ಹೇಳಿದ್ಲು ಎಲ್ಲಾನೂ. ವಿವರವಾಗಿ ಹೇಳ್ತಾಳೆ ಅವ್ಳು, ಓದಿದೋಳಲ್ವಾ.

ಆ ಸೂಜಿ ತೆಗ್ಯಪ್ಪ. ಹಂಗೆ ಚಿಮಟ ಹಿಡ್ಕೊಂಡು ನಿಂತ್ರೆ ನಾನೇನು ತಿಳ್ಕೊಳ್ಳಿ? ಆವತ್ತು ಜನ ಗಿಜಿಗಿಜಿ ಅಂತಿದ್ರು, ನಿಂಗೇನು ಜ್ಞಾಪಕ ಇರ್ತದೆ. ಒಬ್ರು ಎದ್ರೆ ಒಬ್ರು ಕೂರ್ತಿದ್ರು. ಚೀಟಿ ಇಸ್ಕೊಂಡೆ, ಹೆಸರು ಕೇಳ್ದೆ, ಊರು ಕೇಳ್ದೆ, ಗಂಡನ ಹೆಸರು ಕೇಳ್ದೆ, ಬರ್ದು ಸೀಸೆಗೆ ಅಂಟಿಸ್ದೆ. ತಳದಾಗೆ ಬಿಳೀ ಪುಡಿ ಇದ್ದ ಸೀಸೆ. ಹೆಪ್ಪು ಕಟ್ಟಬಾರ್ದು ಅಂತ ಮೆಲ್ಲಗೆ ಆ ಕಡೆ ಈ ಕಡೆ ವಾಲಿಸ್ದೆ. ಕೂಸು ತೂಗ್ದಂಗೆ ತೂಗ್ದೆ ಕಣಪ್ಪ, ನಿನ್ನ ಕೆಲಸಕ್ಕೆ ನಾನು ಹೆಸರಿಡಲ್ಲ.

ಇನ್ನೊಂದು ಮರ್ತೆ. ಗುಂಪು ಅಂತ ಬರ್ದಿದೀಯಲ್ಲ ಕೆಳಗೆ, ಬೀ ಅಂತ? ಅದು ಮಾತ್ರ ಡಾಕ್ಟ್ರಮ್ಮನಿಗೆ ಬಲು ಇಷ್ಟ ಆಯ್ತು. ಕೆಂಪು ಶಾಯಿಯಾಗೆ ಸುತ್ತ ಗೆರೆ ಎಳ್ಕೊಂಡ್ರು. ‘ಹೆರಿಗೆ ಹೊತ್ನಾಗೆ ಏನಾದ್ರೂ ರಕ್ತ ಜಾಸ್ತಿ ಹೋದ್ರೆ, ಈ ಗುಂಪಿನೋರ ರಕ್ತ ಇವ್ಳಿಗೆ ಏರಿಸ್ಬೋದು. ಒಬ್ರನ್ನ ಹುಡುಕಿ ಇಟ್ಕೊಂಡಿರ್ತೀನಿ’ ಅಂದ್ರು. ನಂಗೆ ಎಷ್ಟು ಸಮಾಧಾನ ಆಯ್ತು ಅಂತೀಯ! ಯಾಕೆ ಹುಡುಕ್ಬೇಕು ತಾಯಿ, ನಾನೇ...

...ಯಾಕಪ್ಪ? ಸ್ಟೌ ಯಾಕೆ ಆರಿಸ್ದೆ?

ಯಾಕಂಗೆ ಕುಂತೆ?

ನಾನೇ ಕೊಡ್ತೀನಿ ಅಂದೆ, ಅದ್ರಾಗೇನು ತಪ್ಪು? ಒಂದು ಮಾತು ಕೇಳ್ತೀನಿ, ಸುಮ್ನೆ, ಮಾತಿಗೆ ಅಂತ. ಈಗ ನೀನು ಆ ಬಿಳೀ ಪಿಂಗಾಣಿ ಬಿಲ್ಲೆ ಮೇಲೆ ಒಂದೊಂದು ತೊಟ್ಟು ರಕ್ತ ಹಾಕಿ, ಅದ್ಕೆ ಏನೋ ಔಷಧಿ ಬೆರೆಸಿ ಆಡಿಸ್ತಿದ್ದೆ. ಒಂದು ಕಡೆ ಹಂಗೇ ಇತ್ತು. ಇನ್ನೊಂದು ಕಡೆ ಹಾಲು ಒಡೆದಂಗೆ ಒಡೆದು ಕಾಳು ಕಾಳಾಯ್ತು. ಹಂಗೆ ನೋಡಿ ತಾನೆ ಗುಂಪು ಹೇಳೋದು? ...ಹೂಂ. ಈಗ ಒಬ್ರ ಗುಂಪು ಒಂದಿರ್ತದೆ, ಅವ್ರಿಗೆ ಬ್ಯಾರೆ ಗುಂಪಿನ ರಕ್ತ ಏರಿಸಿದ್ರೆ ಏನಾಗ್ತದೆ? ತಪ್ಪಿ ಏರಿಸಿದ್ರೆ?

ಒಳಗಾ? ಮೈಯೊಳಗೇ... ಹಾಲು ಒಡೆದಂಗಾ?

ಆಮೇಲೆ ಬದುಕ್ತಾರಾ?

ಏರಿಸೋಕೆ ಮುಂಚೆ ಇನ್ನೊಂದ್ಸಲ ಬೆರೆಸಿ ನೋಡ್ತಾರಾ? ಹಾಂ, ನೋಡ್ತಾರೆ, ಅಲ್ವಾ? ...ಟೈಮಿದ್ರೆ. ಟೈಮಿದ್ರೆ ನೋಡ್ತಾರೆ.

ಒಂದೇ ಮನೆಯೋರಾದ್ರೆ? ಒಂದೇ ಒಲೆ ಊಟ, ಒಂದೇ ಬಾವಿ ನೀರು, ಒಂದೇ ರಾಗಿ. ಅತ್ತೆ ಸೊಸೆ ಅಂತಾನೇ ಇಟ್ಕೊ. ಒಂದೇ ಗುಂಪಿರಲ್ವಾ? ...ತಾಯಿ ಮಗಳಿಗೂ ಬ್ಯಾರೆ ಇರ್ಬೋದಾ? ಏನಪ್ಪ ಇದು! ಹೆತ್ತ ಮಗಳಿಗೇ ಬ್ಯಾರೆ ಆದ್ರೆ...

ಹಂಗೆ ನೋಡ್ಬ್ಯಾಡ ನನ್ನ. ನಾನೇನೂ ಮಾಡಿಲ್ಲ. ಕೇಳ್ದೆ ಅಷ್ಟೇ.

ನಂಗೊಬ್ಳು ಮಗಳಿದ್ಲು. ಸಿದ್ದಗಂಗಮ್ಮ. ನೀನು ಕೇಳ್ಲಿಲ್ಲ, ಆದ್ರೂ ಹೇಳ್ತೀನಿ. ಬೆಳ್ಳಾವಿಗೆ ಕೊಟ್ಟಿದ್ವಿ. ಚೊಚ್ಚಲ ಹೆರಿಗೆಗೆ ಮನೆಗೆ ಕರ್ಕೊಂಬಂದೆ. ಮಗು ಆಯ್ತು, ಅತ್ತೂ ಬುಡ್ತು. ಎಲ್ಲಾ ಸರಿ ಹೋಯ್ತು ಅಂತ ನಾನು ಬಿಸ್ನೀರು ಕಾಯ್ಸೋಕೆ ಹೋದೆ. ಬಂದು ನೋಡ್ತೀನಿ, ಚಾಪೆ ನೆಂದೈತೆ. ರಕ್ತ ನಿಲ್ಲಲೇ ಇಲ್ಲ ಕಣಪ್ಪ. ಹಳೇ ಸೀರೆ ಹರಿದು ಹರಿದು ಇಟ್ಟೆ. ಮನೆಯಾಗಿದ್ದ ಸೀರೆ ಎಲ್ಲಾ ಮುಗೀತು. ‘ಅವ್ವ, ಚಳಿ’ ಅಂದ್ಲು. ಕಂಬಳಿ ಹೊದ್ದಿಸ್ದೆ. ಬೆಳ್ಳಗೆ, ಬೆಳ್ಳಗೆ, ಸುಣ್ಣದಂಗೆ ಆಗೋದ್ಲು. ಬೆಳಗಾಗೋ ಹೊತ್ತಿಗೆ ಇರ್ಲಿಲ್ಲ. ಕೂಸೂ ಆಮೇಲೆ ಹೋಯ್ತು.

ಅವ್ಳ ಮುಖದ ಆ ಬಣ್ಣ ನಂಗೆ ಮರೆಯೋಕಾಗಿಲ್ಲ. ಈಗ ಈ ಹುಡುಗಿ ಮುಖದಾಗೆ ಅದೇ ಬಣ್ಣ ಬಂದೈತೆ. ಹೆರಿಗೆ ಇನ್ನೂ ಆಗೇ ಇಲ್ಲ, ಆಗ್ಲೇ ಬಂದೈತೆ. ರೊಟ್ಟಿ ತಟ್ತಾ ಅವ್ಳು ತಿರುಗಿ ನೋಡಿದ್ರೆ ಸಾಕು, ಬಯ್ತೀನಿ ಅವ್ಳನ್ನ. ಬಯ್ದೆ ಇದ್ರೆ ಅತ್ತುಬುಡ್ತೀನಿ, ಅದ್ಕೆ ಬಯ್ತೀನಿ.

ಅಂಥೋಳ ಮೈಯಿಂದ ಒಂದು ಸೀಸೆ ರಕ್ತ ತೆಗೀಬೇಕು ಅಂತಾರೆ ಡಾಕ್ಟ್ರಮ್ಮ. ನೀನೇ ಹೇಳು. ರಕ್ತ ಕಮ್ಮಿ ಐತಾ ಅಂತ ನೋಡೋಕೆ ಇರೋ ರಕ್ತಾನೂ ತೆಗೆಯೋದಾ? ಬತ್ತಿದ ಬಾವಿಯಾಗೆ ನೀರೆಷ್ಟೈತೆ ಅಂತ ಇರೋ ನೀರೆಲ್ಲ ಸೇದಿ ನೋಡ್ತಾರಾ ಯಾರಾದ್ರೂ?

ಎರಡು ಚಮಚನಾ? ಬರೀ ಅಷ್ಟೇನಾ ನೀನು ತೆಗೆದಿದ್ದು? ನಂಗೆ ಒಂದು ಪಾವು ಅನ್ನಿಸ್ತು... ಅವ್ಳಿಗೆ ಅನ್ನಿಸ್ತಂತೆ. ಅವ್ಳಿಗೆ.

ನೋಡಪ್ಪ, ನಮ್ಮ ಕಡೆ ಒಂದು ಪದ್ಧತಿ ಐತೆ. ಹೋದ ವರ್ಷ ನನ್ನ ಮಗನಿಗೆ ವಿಷಮಜ್ವರ ಬಂದು ಮಲಗಿಬುಟ್ಟಿದ್ದ. ವಾಸಿಯಾದ್ರೆ ಉರುಳು ಸೇವೆ ಮಾಡ್ತಾನೆ ಅಂತ ಹರಕೆ ಹೊತ್ಕೊಂಡೆ. ವಾಸಿ ಆದ. ಆದ್ರೆ ಎದ್ದು ನಿಲ್ಲೋಕೂ ತ್ರಾಣ ಇಲ್ಲ, ಉರುಳೋದು ಹೆಂಗೆ? ಅವನ ಬದಲು ನಾನು ಉರುಳ್ದೆ. ದೇವಸ್ಥಾನದ ಸುತ್ತ, ಒದ್ದೆ ಸೀರೆಯಾಗೆ. ಪೂಜಾರಿ ಏನೂ ಅನ್ಲಿಲ್ಲ. ದೇವ್ರೂ ಏನೂ ಅನ್ಲಿಲ್ಲ. ತ್ರಾಣ ಇಲ್ದೋರ ಬದಲು ತ್ರಾಣ ಇರೋರು ಮಾಡ್ಬೋದು. ದೇವ್ರೇ ಒಪ್ಕೊಂಡಿದ್ದನ್ನ ನಿನ್ನ ಸೀಸೆ ಒಪ್ಕೊಳ್ಳಲ್ಲ ಅಂದ್ರೆ...

...ನಾನು ಹಂಗೆ ಮಾಡಿದೀನಿ ಅಂತ ಅಲ್ಲ. ಪದ್ಧತಿ ಹೇಳ್ದೆ.

ಏನ್ ನೋಡ್ತಿದೀಯ? ಕೈಯಾ? ಸೆರಗು ಜಾರ್ತು, ಅಷ್ಟೇ. ಅದಾ? ಅದು ಹಚ್ಚೆ ಕಣಪ್ಪ. ಚೇಳು. ಹಳೇದು, ಮಾಸೋಗಿ ಬರೀ ಕಲೆ ಉಳ್ಕೊಂಡೈತೆ. ...ಹೌದು, ಹಚ್ಚೆ ಹಸಿರಾಗೇ ಇರ್ತದೆ. ಇದು ಒಸಿ ನೀಲಿ. ಹಳದೀನೂ ಐತೆ ಅಂತೀಯಾ? ಬಾಗಿಲು ತಗುಲ್ತು. ಮೊಳಕೈ ಒಳಗಡೆಗೆ ಬಾಗಿಲು ಹೆಂಗೆ ತಗುಲ್ತದೆ ಅಂತ ಕೇಳ್ಬ್ಯಾಡ, ನಮ್ಮನೆ ಬಾಗಿಲು ಹಂಗೇ.

ಒತ್ತಿ ಹಿಡ್ಕೋಬೇಕಿತ್ತು. ಗಂಟು ಹೊತ್ಕೊಂಡು ಬಸ್ಸಿಗೆ ಓಡ್ದೆ...

ಏನಂದೆ?

ಆವತ್ತು ಗಂಡನ ಹೆಸರು ಯಾರು ಹೇಳಿದ್ದು ಅಂತಲಾ?

ಯಾರು ಹೇಳ್ತಾರೆ, ಅವ್ಳೇ... ಮಂಜುಳಾನೇ ಹೇಳಿದ್ಲು. ನೀನು ಕೇಳ್ದೆ, ‘ರಾಮಾಂಜಿನಯ್ಯ’ ಅಂತ ಟಪ್ ಅಂತ ಹೇಳಿದ್ಲು. ನೀನು ತಲೆ ಎತ್ತಿ ನೋಡ್ದೆ. ಯಾವ ಹೆಂಗಸೂ ಇಷ್ಟು ಸಲೀಸಾಗಿ ಹೇಳಲ್ಲವಲ್ಲ, ಎಲ್ಲಾರೂ ಪಕ್ಕದೋರ ಮುಖ ನೋಡ್ತಾರೆ ಅಂತ ನೀನು ನಕ್ಕೆ...

ನಕ್ಕೆ. ಹೌದು.

ಹೊಸ್ಲು. ಹೊಸ್ಲಾಗೆ ಅವ್ಳು ಹೊತ್ತು ಮುಳುಗೋವರ್ಗೂ ನಿಂತಿದ್ದು ನಾನೇ ಹೇಳ್ದೆ ನಿಂಗೆ. ಈಗಷ್ಟೇ ಹೇಳ್ದೆ.

ಪಟ್ಟಾಭಿರಾಮಪ್ಪ, ಏನಾದ್ರೂ ಅನ್ನು. ಬಯ್ಯಿ. ಮುದುಕಿ ನಿಂಗೆ ಬುದ್ಧಿ ಐತಾ ಅಂತ ಕೇಳು. ಹಿಂಗೆ ಸುಮ್ನೆ ಕುಂತ್ರೆ ಆ ನಿನ್ನ ಬಿಲ್ಲೆನೇ ಕಣ್ಣಿಗೆ ಬತ್ತದೆ ನಂಗೆ. ಕಾಳು ಕಾಳಾಗಿ ಒಡೆದಿದ್ದು...

ಆ ಕಾಗದ ಕೊಡಿಲ್ಲಿ. ಹರಿದಾಕ್ಬುಡು. ಕೆಂಪು ಗೆರೆ ಎಳೆದವ್ರೆ ಅದ್ರ ಸುತ್ತ, ಹರಿದಾಕು ಮೊದ್ಲು. ಡಾಕ್ಟ್ರಮ್ಮನಿಗೆ ನಾನೇ ಹೋಗಿ ಹೇಳ್ತೀನಿ, ಕಾಲಿಗೆ ಬೀಳ್ತೀನಿ. ನೀನು ಸ್ಟೌ ಹಚ್ಚು. ಸೂಜಿ ಬೇಯ್ಸು. ಸಣ್ಣ ಸೂಜಿ ಇದ್ರೆ ನೋಡು. ಎರಡೇ ಚಮಚ ಅಂದಿದೀಯ, ಮಾತು ತಪ್ಬ್ಯಾಡ.

ಮಂಜುಳಾ! ಏ ಮಂಜುಳಾ! ಬಾರೆ ಒಳಗೆ. ಮೆಲ್ಲಗೆ ಬಾ, ಮೆಟ್ಲು ಐತೆ. ಗಂಟು ಅಲ್ಲೇ ಬುಡು, ಯಾರೂ ಹೊತ್ಕೊಂಡೋಗಲ್ಲ... ಯಾಕೆ ಅಳ್ತಿದೀಯ? ಗೊತ್ತಾಯ್ತು ಅವ್ರಿಗೆ. ಇಲ್ಲ, ನಾನು ಹೇಳ್ಲಿಲ್ಲ. ಹೇಳ್ದೆನೋ ಏನೋ. ಕುಂತ್ಕೊ ಇಲ್ಲಿ. ಬಾಯಿ ಒರೆಸ್ಕೊ, ಮಣ್ಣು ಅಂಟೈತೆ. ಅಲ್ಲೂ ತಿಂತಿದ್ಯಾ? ಇರ್ಲಿ, ಆಮೇಲೆ ಬಯ್ತೀನಿ.

ಇರುವೆ ಕಚ್ಚಿದಂಗಾಗ್ತದೆ ಕಣೆ, ಅಷ್ಟೇ. ನನ್ನಾಣೆ. ನಂಗೊತ್ತು. ಗೋಡೆ ಕಡೆ ತಿರುಗ್ಕೊ, ಕ್ಯಾಲೆಂಡರ್ ನೋಡು. ಈ ಕೈ ನಾನು ಹಿಡ್ಕೊಂತೀನಿ.

ಹೂಂ, ಕೇಳಪ್ಪ. ಏನೇನು ಕೇಳ್ಬೇಕೋ ಅವ್ಳನ್ನೇ ಕೇಳು. ಈ ಸಲ ನಾನು ಬಾಯಿ ಬಿಡಲ್ಲ.

ಹೆಸರು ಹೇಳೆ... ಜೋರಾಗಿ. ಹಾಂ, ಮಂಜುಳಮ್ಮ. ಬರ್ಕೊ. ಊರು ಹೇಳು... ಕಡಬ. ಬರ್ಕೊ.

ಗಂಡನ ಹೆಸರು... ಕೇಳ್ತವ್ರೆ ಹೇಳೆ. ಸೀಸೆ ಮೇಲೆ ಬರೀಬೇಕಂತೆ. ಹೇಳೆ... ನನ್ನ ಮುಖ ಯಾಕೆ ನೋಡ್ತೀಯ?

ನೋಡ್ದಾ? ತುಟಿ ಬಿಚ್ಚಲ್ಲ. ಜೀವ ಹೋದ್ರೂ ಬಿಚ್ಚಲ್ಲ.

ಈ ಸಲ ಸರ್ಯಾದೋಳೇ ಕುಂತವ್ಳೆ ಕಣಪ್ಪ, ಅನುಮಾನ ಬ್ಯಾಡ. ಬರ್ಕೊ, ನಾನು ಹೇಳ್ತೀನಿ. ರಾಮಾಂಜಿನಯ್ಯ. ನನ್ನ ಮಗ.

ಹೂಂ, ಈಗ ಚುಚ್ಚು... ತಡಿ ತಡಿ, ನಾನು ಆ ಕಡೆ ತಿರುಗ್ಕೊಂತೀನಿ.